ಮಳೆ ಹಿಡಿಯುವ ಮುಂಚೆ ಓದಿ: ಕೆಟ್ಟ ಕೋಡಿಂಗ್ ಅಭ್ಯಾಸಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಡಿಕೇರಿ ಹತ್ತಿರದ ಮನೆಯಲ್ಲೇ ಕೂತು ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಹೆಚ್ಚಿನದ್ದು ಕಾಫಿ ತೋಟಗಳ ಕೆಲಸ. ಹಾಜರಿ, ಕೊಯ್ಲಿನ ತೂಕ, ವಾರದ ಬಟವಾಡೆ, ಮಳೆ ಲೆಕ್ಕ, ಇಂಥವು. ಕುಶಾಲನಗರ, ಗೋಣಿಕೊಪ್ಪ, ನಾಪೋಕ್ಲು ಕಡೆಯ ಹುಡುಗ ಹುಡುಗಿಯರು ಹೊಸದಾಗಿ ಕೆಲಸಕ್ಕೆ ಸೇರಿದಾಗ ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಮ್ಮಿ ಒಂದೇ ಥರ ಇರುತ್ತವೆ. ಅವನ್ನೆಲ್ಲ ಇಲ್ಲಿ ಬರೆದಿಟ್ಟಿದ್ದೇನೆ. ಕೆಲವು ಕಡೆ ನಗು ಬರುತ್ತದೆ, ಧಾರಾಳವಾಗಿ ನಗಿ. ನಕ್ಕ ಮೇಲೆ ನಿಮ್ಮ ಕೋಡನ್ನೂ ಒಮ್ಮೆ ತೆರೆದು ನೋಡಿ.

ಕೋಡ್ ಕೆಲಸ ಮಾಡುತ್ತಿದೆ ಅಲ್ವಾ? ಮತ್ತೆ ಅದು ಕೆಟ್ಟ ಕೋಡ್ ಹೇಗಾಗುತ್ತದೆ?

ಇದಕ್ಕೆ ಒಂದು ತೂಕದ ಚೀಟಿಯ ಕಥೆಯೇ ಉತ್ತರ.

ರೋಬಸ್ಟಾ ಕೊಯ್ಲಿನ ಸಮಯ. ನಮ್ಮ ಕಡೆ ಕೊಯ್ಲಿಗೆ ಕಿಲೋ ಲೆಕ್ಕದಲ್ಲಿ ಕೂಲಿ ಕೊಡುವುದು ಮಾಮೂಲು. ಸಂಜೆ ಎಲ್ಲರೂ ಮೂಟೆ ತಂದು ತಕ್ಕಡಿ ಮೇಲಿಡುತ್ತಾರೆ, ರೈಟರ್ (ತೋಟದ ಲೆಕ್ಕ ಬರೆಯುವವರು) ಬರೆದುಕೊಳ್ಳುತ್ತಾರೆ. ಆ ಬರೆಯುವ ಕೆಲಸವನ್ನು ನಾವು ಸಾಫ್ಟ್‌ವೇರ್‌ಗೆ ತಂದಿದ್ದೆವು. ತಕ್ಕಡಿಯ ಸಂಖ್ಯೆ ನೇರ ಕಂಪ್ಯೂಟರಿಗೆ ಬರುತ್ತಿತ್ತು. ಎರಡು ವಾರ ಎಲ್ಲ ಚೆನ್ನಾಗಿ ನಡೆಯಿತು. ಮೂರನೇ ಶನಿವಾರ ಒಬ್ಬ ಅಕ್ಕ ಬಟವಾಡೆ ಮೇಜಿನ ಹತ್ತಿರ ಬಂದು, "ಅಣ್ಣಾ, ನನ್ನ ಲೆಕ್ಕದಲ್ಲಿ ಎರಡೂವರೆ ಕಿಲೋ ಕಮ್ಮಿ ಬರ್ತಿದೆ" ಅಂದರು. ಅವರ ಹತ್ತಿರ ಒಂದು ಪುಟ್ಟ ನೋಟ್‌ಬುಕ್ ಇತ್ತು. ದಿನಾ ತಕ್ಕಡಿ ನೋಡಿ ತಾವೇ ಬರೆದುಕೊಂಡಿದ್ದರು. 61.5, 58.5, 70.5, 64, 66.5, 59.5. ನಮ್ಮ ಪಟ್ಟಿಯಲ್ಲಿ 61, 58, 70, 64, 66, 59.

ತೂಕವನ್ನು ಪೂರ್ಣಾಂಕವಾಗಿ ಇಟ್ಟುಕೊಳ್ಳುವಂತೆ ಕೋಡ್ ಬರೆದಿದ್ದೆವು. ದಶಾಂಶ ಬಂದರೆ ಕಂಪ್ಯೂಟರ್ ಗಲಾಟೆ ಮಾಡಲಿಲ್ಲ, ಕೆಂಪು ಅಕ್ಷರ ತೋರಿಸಲಿಲ್ಲ, ಸುಮ್ನೆ ಕತ್ತರಿಸಿ ಹಾಕಿತು. ಆರು ದಿನದಲ್ಲಿ ಐದು ದಿನ ಆ ಅಕ್ಕನ ಅರ್ಧರ್ಧ ಕಿಲೋ ಹೋಗಿತ್ತು. ಬರೀ ಅವರದ್ದಲ್ಲ, ಎಲ್ಲರದ್ದೂ. ಆ ಸಾಲು ಬರೆದವನು ನಾನು. ಪರೀಕ್ಷೆ ಮಾಡುವಾಗ 50, 60, 70 ಅಂತ ದುಂಡು ಸಂಖ್ಯೆಗಳನ್ನೇ ಹಾಕಿ ನೋಡಿದ್ದೆ. ಮೂರು ವಾರದ ಬಾಕಿಯನ್ನು ಮಾಲೀಕರು ಅದೇ ಶನಿವಾರ ಲೆಕ್ಕ ಹಾಕಿಸಿ ಕೊಟ್ಟರು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಇದೇ ಜಾತಿಯ ತಪ್ಪು ರಾಕೆಟ್ಟನ್ನೂ ಬೀಳಿಸಿದೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಸಲ ಹಾರಿತು. 40 ಸೆಕೆಂಡಿನೊಳಗೆ ಆಕಾಶದಲ್ಲೇ ಚೂರಾಯಿತು. ಹಳೆಯ ಏರಿಯಾನ್ 4ರ ಕೋಡನ್ನು ಹಾಗೇ ತಂದು ಇದರಲ್ಲಿ ಕೂರಿಸಿದ್ದರು. ಹಳೆಯ ರಾಕೆಟ್ಟಿನ ವೇಗಕ್ಕೆ ಆ ಕೋಡ್ ಸರಿಯಾಗಿತ್ತು. ಹೊಸ ರಾಕೆಟ್ ಜಾಸ್ತಿ ವೇಗದ್ದು. 64 ಬಿಟ್ ಸಂಖ್ಯೆಯನ್ನು 16 ಬಿಟ್ ಜಾಗಕ್ಕೆ ತುರುಕಲು ಹೋದಾಗ ಅದು ಹಿಡಿಸಲಿಲ್ಲ. 16 ಬಿಟ್‌ನಲ್ಲಿ ಋಣ ಸಂಖ್ಯೆಗೂ ಜಾಗ ಇಟ್ಟರೆ ಹಿಡಿಸುವುದು 32,767ರ ತನಕ ಮಾತ್ರ. ಅಲ್ಲಿ ಕೂಡ ಕೋಡ್ "ಕೆಲಸ ಮಾಡುತ್ತಿತ್ತು", ಹಳೆಯ ರಾಕೆಟ್ಟಿನಲ್ಲಿ.

ಫೈಲಿಗೆ "ಫೈನಲ್" ಅಂತ ಹೆಸರಿಟ್ಟರೆ ಏನು ತಪ್ಪು?

ಒಂದೇ ಒಂದು ಫೈನಲ್ ಇದ್ದರೆ ತಪ್ಪಿಲ್ಲ. ಒಂದು ತೋಟದ ಕಂಪ್ಯೂಟರಿನಲ್ಲಿ ನಾನು ಕಂಡದ್ದು ಇವು: ಬಟವಾಡೆ_ಫೈನಲ್, ಬಟವಾಡೆ_ಫೈನಲ್_2, ಬಟವಾಡೆ_ಫೈನಲ್_ಇದೇ_ಸರಿ, ಬಟವಾಡೆ_ರೈಟರ್_ಹೇಳಿದ್ದು, ಬಟವಾಡೆ_ಹಬ್ಬದ_ಮುಂಚೆ. ನಿಜವಾಗಿ ಓಡುತ್ತಿದ್ದದ್ದು ಫೈನಲ್_2. "ಇದೇ ಸರಿ" ಅನ್ನುವುದರಲ್ಲಿ ಬೋನಸ್ ಲೆಕ್ಕವೇ ಇರಲಿಲ್ಲ.

ಗಿಟ್ ಕಲಿಯಿರಿ. ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿ ಇಡುವ ಸಾಫ್ಟ್‌ವೇರ್ ಅದು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಕೆಲಸಕ್ಕಾಗಿ ಅದನ್ನು ಮಾಡಿದರು, ದುಡ್ಡು ಕೊಡಬೇಕಾಗಿಲ್ಲ. ಕೊಡಗಿನವರಿಗೆ ಅದರಲ್ಲಿ ಇನ್ನೊಂದು ಲಾಭ ಇದೆ. ಬದಲಾವಣೆಗಳ ಇಡೀ ಇತಿಹಾಸ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಜುಲೈನಲ್ಲಿ ಮರ ಬಿದ್ದು ಎರಡು ದಿನ ನೆಟ್ ಇಲ್ಲದಿದ್ದರೂ ನೀವು ಕೆಲಸ ಮಾಡಬಹುದು, ಕಮಿಟ್ ಮಾಡಬಹುದು (ಬದಲಾವಣೆಯನ್ನು ದಾಖಲಿಸಬಹುದು), ಹಿಂದಿನ ವಾರದ್ದು ತೆಗೆದು ನೋಡಬಹುದು. ನೆಟ್ ಬಂದ ಮೇಲೆ ಕಳಿಸಿದರೆ ಸಾಕು.

"ಇದನ್ನು ಮುಟ್ಟಬೇಡಿ" ಅಂತ ಕೋಡಿನ ಒಳಗೆ ಕಾಮೆಂಟ್ (ಓದುವವರಿಗೆ ಟಿಪ್ಪಣಿ) ಬರೆಯಬಹುದಾ?

ಬರೆಯಿರಿ, ಆದರೆ ಯಾಕೆ ಮುಟ್ಟಬಾರದು ಅಂತಲೂ ಬರೆಯಿರಿ. ಬೇರೆಯವರಿಂದ ನಮ್ಮ ಕೈಗೆ ಬಂದ ಒಂದು ಕೋಡಿನಲ್ಲಿ ಹೀಗಿತ್ತು: "ಈ ಸಾಲು ತೆಗೆದರೆ ಎಲ್ಲ ನಿಂತುಹೋಗುತ್ತದೆ. ಯಾಕೆ ಅಂತ ಗೊತ್ತಿಲ್ಲ." ಬರೆದವರು ಪ್ರಾಮಾಣಿಕರು, ಅದು ದೊಡ್ಡ ಗುಣ. ಆದರೆ ಕಾರಣ ಹುಡುಕಲು ನಮಗೆ ಎರಡು ದಿನ ಹಿಡಿಯಿತು. ಆ ಕೋಡಿಗೆ ತೂಕ ಕಳಿಸುವ ತಕ್ಕಡಿ ಆನ್ ಆದ ಕೂಡಲೇ ಒಂದು ಖಾಲಿ ಸಾಲು ಕಳಿಸುತ್ತಿತ್ತು. ಅದನ್ನು ನುಂಗಿಕೊಳ್ಳುವುದಕ್ಕೆ ಆ ಸಾಲು. ಈಗ ಅಲ್ಲಿ ಅಷ್ಟನ್ನೇ ಬರೆದಿದ್ದೇವೆ.

ಊರು, ತಾಲೂಕು, ಫೋನ್ ಕೋಡ್ ಎಲ್ಲ ಬದಲಾಗುವುದಿಲ್ಲವಲ್ಲ, ಕೋಡಿನಲ್ಲೇ ನೇರ ಬರೆದುಬಿಡಲಾ?

ಬೇಡ. ಕೊಡಗಿನಲ್ಲಿ ಎಷ್ಟು ತಾಲೂಕು ಅಂತ ನಮ್ಮ ಶಾಲೆಯಲ್ಲಿ ಕೇಳಿದರೆ ಮೂರು ಅನ್ನುತ್ತಿದ್ದೆವು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ಇವತ್ತು ಪೊನ್ನಂಪೇಟೆ, ಕುಶಾಲನಗರ ಸೇರಿ ಐದು. ಮೂರೇ ತಾಲೂಕು ಇರುವ ಪಟ್ಟಿಯನ್ನು ಕೋಡಿನ ಒಳಗೆ ಹನ್ನೊಂದು ಕಡೆ ಬರೆದಿದ್ದ ಒಂದು ಸಾಫ್ಟ್‌ವೇರನ್ನು ನಾನು ಸರಿಮಾಡಿದ್ದೇನೆ. ಹತ್ತು ಕಡೆ ಸರಿಯಾಯಿತು. ಹನ್ನೊಂದನೆಯದು ರಸೀದಿ ಪ್ರಿಂಟ್ ಮಾಡುವಾಗ ಸಿಕ್ಕಿತು, ಪೊನ್ನಂಪೇಟೆಯವರ ರಸೀದಿಯಲ್ಲಿ ತಾಲೂಕು ವಿರಾಜಪೇಟೆ ಅಂತ ಬಂದಾಗ.

ಫೋನ್ ಕೋಡ್ ಕಥೆ ಇನ್ನೂ ಚೆಂದ. ಮಡಿಕೇರಿಯ ಎಸ್‌ಟಿಡಿ ಕೋಡ್ 08272. ಅದನ್ನು ಸಂಖ್ಯೆ ಅಂತ ಇಟ್ಟರೆ ಕಂಪ್ಯೂಟರ್ ಮುಂದಿನ ಸೊನ್ನೆಯನ್ನು ಬಿಟ್ಟು 8272 ಮಾಡುತ್ತದೆ. ಕಂಪ್ಯೂಟರಿನದ್ದು ತಪ್ಪಲ್ಲ. ಸಂಖ್ಯೆಗೆ ಎಡಗಡೆ ಸೊನ್ನೆ ಇದ್ದರೇನು, ಬಿಟ್ಟರೇನು? ಕೂಡಿಸುವ ಕಳೆಯುವ ಕೆಲಸ ಇಲ್ಲದ್ದನ್ನು ಸಂಖ್ಯೆಯಾಗಿ ಇಡಬೇಡಿ, ಪಠ್ಯವಾಗಿ ಇಡಿ. ಎರಡು ಫೋನ್ ನಂಬರ್ ಕೂಡಿಸಿ ಯಾರೂ ಏನೂ ಮಾಡುವುದಿಲ್ಲ.

ಇನ್ನು ಹೆಸರು. ಫಾರ್ಮಿನಲ್ಲಿ "ಮೊದಲ ಹೆಸರು", "ಕೊನೆಯ ಹೆಸರು" ಅಂತ ಎರಡು ಪೆಟ್ಟಿಗೆ ಇಡುವ ಅಭ್ಯಾಸ ಎಲ್ಲಿಂದಲೋ ಬಂದಿದೆ. ಕೊಡವರಲ್ಲಿ ಮನೆಹೆಸರು ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ತಿ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಕೊಡಂದೇರ ಅನ್ನುವುದು ಮನೆಹೆಸರು. ಆ ಎರಡು ಪೆಟ್ಟಿಗೆಯ ಫಾರ್ಮನ್ನು ತುಂಬಿದರೆ ಸಾಫ್ಟ್‌ವೇರ್ ಮನುಷ್ಯನನ್ನು ಮನೆಹೆಸರಿನಿಂದ ಕರೆದು ಮೆಸೇಜ್ ಕಳಿಸುತ್ತದೆ. ಒಂದೇ ಒಕ್ಕದ (ಮನೆತನದ) ಇಪ್ಪತ್ತು ಜನಕ್ಕೆ ಒಂದೇ ಹೆಸರಿನಲ್ಲಿ "ನಿಮ್ಮ ಕಾಫಿ ಹಣ ಜಮಾ ಆಗಿದೆ" ಅಂತ ಬಂದರೆ ಮನೆಯಲ್ಲಿ ಎಷ್ಟು ಗೊಂದಲ ಆಗಬಹುದು, ನೀವೇ ಯೋಚಿಸಿ. ಲೈನ್ ಮನೆಗಳಲ್ಲಿ (ತೋಟದ ಕೆಲಸಗಾರರ ಸಾಲು ಮನೆಗಳಲ್ಲಿ) ಇರುವ ಎಷ್ಟೋ ಜನರಿಗೆ ಒಂದೇ ಹೆಸರು, ಇನಿಷಿಯಲ್ ಕೂಡ ಇಲ್ಲ. ಅವರು ಎರಡನೇ ಪೆಟ್ಟಿಗೆಗೆ ಏನು ಬರೆಯಬೇಕು? "ಪೂರ್ತಿ ಹೆಸರು" ಅಂತ ಒಂದೇ ಪೆಟ್ಟಿಗೆ ಇಡಿ. ಜನರನ್ನು ಗುರುತಿಸಲು ಬೇರೆ ನಂಬರ್ ಕೊಡಿ.

ಎಕ್ಸೆಲ್ ಸಾಕಲ್ವಾ? ಸಾಫ್ಟ್‌ವೇರ್ ಯಾಕೆ?

ಸಣ್ಣ ತೋಟಕ್ಕೆ ಎಕ್ಸೆಲ್ ಸಾಕು, ನಾನೇ ಹಾಗೆ ಹೇಳಿ ಕಳಿಸುತ್ತೇನೆ. ಆದರೆ ಅದರ ಮಿತಿ ಗೊತ್ತಿರಲಿ. 2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಲೆಕ್ಕವನ್ನು ಹಳೆಯ ಎಕ್ಸೆಲ್ ಮಾದರಿಯ ಫೈಲಿಗೆ ತುಂಬುತ್ತಿದ್ದರು. ಆ ಮಾದರಿಯಲ್ಲಿ 65,536 ಸಾಲು ಮಾತ್ರ ಹಿಡಿಸುತ್ತದೆ. ಅದರಾಚೆಯದ್ದು ಬಿದ್ದುಹೋಯಿತು. 15,841 ಸೋಂಕಿತರ ಲೆಕ್ಕ ಕೆಲವು ದಿನ ಯಾರ ಕಣ್ಣಿಗೂ ಬೀಳಲಿಲ್ಲ. ಅವರ ಸಂಪರ್ಕದಲ್ಲಿ ಇದ್ದವರಿಗೆ ಹೇಳುವುದೂ ತಡವಾಯಿತು.

ಸಂಖ್ಯೆಯ ಪಕ್ಕ ಅಳತೆ ಬರೆಯಲೇಬೇಕಾ? ಎಲ್ಲರಿಗೂ ಗೊತ್ತಿರುತ್ತದಲ್ಲ?

ಎಲ್ಲರಿಗೂ ಗೊತ್ತಿರುತ್ತದೆ, ಬೇರೆ ಬೇರೆ ರೀತಿಯಲ್ಲಿ. ಕೊಡಗಿನ ತೋಟಗಳಲ್ಲಿ ಮಳೆಯನ್ನು ಇವತ್ತಿಗೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. "ನಿನ್ನೆ ನಮ್ಮಲ್ಲಿ ಎರಡು ಇಂಚು ಹದಿನೈದು ಸೆಂಟ್" ಅಂದರೆ 2.15 ಇಂಚು. ಹವಾಮಾನ ಇಲಾಖೆಯವರು ಹೇಳುವುದು ಮಿಲಿಮೀಟರಿನಲ್ಲಿ. ಅದೇ ಮಳೆ ಅವರಿಗೆ ಸುಮಾರು 54.6. ಎರಡೂ ಸರಿ.

ಹೂ ಮಳೆ ಹೊತ್ತಿಗೆ ಇದು ಎಷ್ಟು ಮುಖ್ಯ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಮೊಗ್ಗು ಮಳೆಗೆ ಕಾಯುತ್ತಿರುತ್ತದೆ. ಮಳೆ ಸಾಲದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ನನಗೆ ಪರಿಚಯದ ಒಬ್ಬರ ತೋಟದಲ್ಲಿ ಮಳೆ ಲೆಕ್ಕದ ಕಾಲಮ್ಮಿಗೆ ಬರೀ "ಮಳೆ" ಅಂತ ಹೆಸರಿತ್ತು. ರೈಟರ್ 1.2 ಅಂತ ಬರೆದರು, ಅಂದರೆ ಇಂಚು. ಬೆಂಗಳೂರಿನಲ್ಲಿದ್ದ ಮಗ ಫೋನಿನಲ್ಲಿ ಅದನ್ನು ಮಿಲಿಮೀಟರ್ ಅಂತ ಓದಿದ. ಇಷ್ಟು ಮಳೆಗೆ ಹೂ ಬರಲ್ಲ ಅಂತ ಪಂಪ್ ಹಾಕಿಸಿದ. ಚೆನ್ನಾಗಿ ನೆನೆದಿದ್ದ ತೋಟಕ್ಕೆ ಒಂದು ರಾತ್ರಿ ಇಡೀ ಡೀಸೆಲ್ ಸುರಿದು ನೀರು ಹೊಡೆದರು.

ಮಂಗಳ ಗ್ರಹಕ್ಕೆ ಹೋದ ಒಂದು ನೌಕೆಗೂ ಇದೇ ಆಯಿತು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ 1999ರ ಸೆಪ್ಟೆಂಬರ್ 23ರಂದು ಕಳೆದುಹೋಯಿತು. ನೌಕೆ ಕಟ್ಟಿದ ಕಂಪನಿಯ ಸಾಫ್ಟ್‌ವೇರ್ ಎಂಜಿನ್ನಿನ ಒತ್ತುಬಲವನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು. ನಾಸಾ ಕಡೆಯ ಸಾಫ್ಟ್‌ವೇರ್ ಅದನ್ನು ನ್ಯೂಟನ್ ಅಂತ ಓದಿತು. ಒಂದಕ್ಕೊಂದು ಸುಮಾರು ನಾಲ್ಕೂವರೆ ಪಟ್ಟು ವ್ಯತ್ಯಾಸ. ತಿಂಗಳುಗಟ್ಟಲೆ ಸಣ್ಣ ಸಣ್ಣ ತಪ್ಪು ಸೇರಿ ನೌಕೆ ಮಂಗಳಕ್ಕೆ ತೀರಾ ಹತ್ತಿರ ಹೋಗಿಬಿಟ್ಟಿತು.

ಕಾಲಮ್ಮಿಗೆ "ಮಳೆ_ಇಂಚು" ಅಂತ ಹೆಸರಿಡಿ. ಐದು ಸೆಕೆಂಡಿನ ಕೆಲಸ.

ಹಳೆಯ ಕೋಡ್ ಮುಂದೆ ಬೇಕಾಗಬಹುದು ಅಂತ ಹಾಗೇ ಬಿಟ್ಟಿದ್ದೇನೆ. ಪರವಾಗಿಲ್ಲವಾ?

ಕೊಯ್ಲು ಮುಗಿದ ಮೇಲೆ ಒಣ ರೆಂಬೆಗಳನ್ನು ಕತ್ತರಿಸದೆ ಬಿಡುತ್ತೀರಾ? ಇಲ್ಲ ಅಲ್ವಾ. ಕೋಡಿಗೂ ಅದೇ.

2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಅನ್ನುವ ಷೇರು ಕಂಪನಿ ಹೊಸ ಕೋಡ್ ಹಾಕಿ ದಿನ ಶುರುಮಾಡಿತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸದು ಹೋಗಿತ್ತು, ಒಂದಕ್ಕೆ ಮರೆತಿದ್ದರು. ಆ ಒಂದರಲ್ಲಿ ವರ್ಷಗಳಿಂದ ಯಾರೂ ಬಳಸದ ಹಳೆಯ ಕೋಡ್ ಮಲಗಿತ್ತು. ಅದನ್ನು ಎಬ್ಬಿಸುವ ಹಳೆಯ ಸ್ವಿಚ್ಚನ್ನೇ ಹೊಸ ಕೆಲಸಕ್ಕೂ ಬಳಸಿದ್ದರು. ಸ್ವಿಚ್ ಹಾಕಿದರು, ಏಳು ಕಡೆ ಹೊಸದು ಶುರುವಾಯಿತು, ಒಂದು ಕಡೆ ಹಳೆಯದು ಎದ್ದು ಕೂತಿತು. ಸುಮಾರು 45 ನಿಮಿಷ ಅದು ಬೇಡದ ಷೇರುಗಳನ್ನು ಕೊಳ್ಳುತ್ತಾ ಮಾರುತ್ತಾ ಹೋಯಿತು. ನಷ್ಟ 44 ಕೋಟಿ ಡಾಲರಿಗೂ ಜಾಸ್ತಿ. ಆ ಕಂಪನಿ ಮುಂದೆ ತನ್ನ ಕಾಲಮೇಲೆ ನಿಲ್ಲಲಿಲ್ಲ, ಇನ್ನೊಂದು ಕಂಪನಿಯಲ್ಲಿ ಸೇರಿಹೋಯಿತು.

ಹಳೆಯದು ಬೇಕಾದರೆ ಗಿಟ್‌ನಲ್ಲಿ ಇರುತ್ತದೆ. ಭಯ ಇಲ್ಲದೆ ತೆಗೆಯಿರಿ.

ಬ್ಯಾಕಪ್ ತೆಗೆಯುತ್ತೇವೆ. ಅಷ್ಟು ಸಾಕಾ?

ಅದನ್ನು ಯಾವತ್ತಾದರೂ ವಾಪಸ್ ತಂದು ನೋಡಿದ್ದೀರಾ? ನೋಡಿಲ್ಲ ಅಂದರೆ ನಿಮ್ಮ ಹತ್ತಿರ ಬ್ಯಾಕಪ್ ಇದೆ ಅಂತ ಹೇಳಬೇಡಿ.

2017ರ ಜನವರಿ 31ರ ರಾತ್ರಿ, ಜನರ ಕೋಡನ್ನು ನೆಟ್‌ನಲ್ಲಿ ಇಟ್ಟುಕೊಡುವ ಕಂಪನಿ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ದಣಿದ ಹೊತ್ತಿನಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿದರು. ತಕ್ಷಣ ನಿಲ್ಲಿಸಿದರು, ಆದರೂ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್‌ಗೆ ಅವರ ಹತ್ತಿರ ಐದು ದಾರಿ ಇದ್ದವು. ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ಬ್ಯಾಕಪ್ ವಿಫಲವಾಗಿದೆ ಅಂತ ಹೇಳುವ ಇಮೇಲ್‌ಗಳು ಕೂಡ ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಯಾರೋ ಬೇರೆ ಕೆಲಸಕ್ಕೆ ಆರು ಗಂಟೆ ಮುಂಚೆ ತೆಗೆದಿಟ್ಟಿದ್ದ ಪ್ರತಿಯಿಂದ ಬದುಕಿದರು. ಅವರ ಬಗ್ಗೆ ನನಗೆ ಗೌರವ ಇದೆ. ಒಂದನ್ನೂ ಮುಚ್ಚಿಡಲಿಲ್ಲ, ಸರಿಮಾಡುವ ಕೆಲಸವನ್ನು ಯೂಟ್ಯೂಬಿನಲ್ಲಿ ನೇರ ತೋರಿಸಿದರು.

ನಮ್ಮ ಕಡೆ ಇನ್ನೊಂದು ತಪ್ಪು ಜಾಸ್ತಿ. ಕಂಪ್ಯೂಟರ್ ಇರುವ ಮೇಜಿನ ಡ್ರಾಯರಿನಲ್ಲೇ ಬ್ಯಾಕಪ್ ಪೆನ್‌ಡ್ರೈವ್ ಇಡುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಮನೆ, ತೋಟ, ರಸ್ತೆ ಹೋದದ್ದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಒಂದು ಪ್ರತಿಯನ್ನಾದರೂ ಜಿಲ್ಲೆಯ ಹೊರಗೆ ಇಡಿ. ಮೂರು ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.

ಶುಕ್ರವಾರ ಸಂಜೆ ಹೊಸ ಆವೃತ್ತಿ ಹಾಕಬಹುದಾ?

ಬೇಡ. ಶನಿವಾರ ಬಟವಾಡೆ.

ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದ ತನಕ) ನಮ್ಮಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ. ದೊಡ್ಡ ಬದಲಾವಣೆಯನ್ನೂ ನಾನು ಆ ತಿಂಗಳು ಇಟ್ಟುಕೊಳ್ಳುವುದಿಲ್ಲ. ಹೊರಗೆ ಧೋ ಅಂತ ಮಳೆ, ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಅರ್ಧ ಹಾಕಿದ ಕೋಡ್ ಪೂರ್ತಿ ಹಾಳಾದ ಕೋಡಿಗಿಂತ ಕಷ್ಟ. ಇನ್ನೊಂದು ಮಾತು, ಎಲ್ಲರಿಗೂ ಒಟ್ಟಿಗೆ ಹಾಕಬೇಡಿ. 2024ರ ಜುಲೈ 19, ಅದೂ ಶುಕ್ರವಾರವೇ, ಕಂಪ್ಯೂಟರ್ ಭದ್ರತೆಯ ಕಂಪನಿ ಕ್ರೌಡ್‌ಸ್ಟ್ರೈಕ್‌ನ ಒಂದು ಕೆಟ್ಟ ಅಪ್‌ಡೇಟ್ ಪ್ರಪಂಚದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ನಿಲ್ಲಿಸಿತು. ನಾವು ಮೊದಲು ಒಂದು ತೋಟಕ್ಕೆ ಹಾಕುತ್ತೇವೆ, ಒಂದು ವಾರ ನೋಡುತ್ತೇವೆ, ಆಮೇಲೆ ಉಳಿದವರಿಗೆ.

ಕೊಯ್ಲಿಗೆ ಜನ ಸೇರಿಸಿದರೆ ಬೇಗ ಮುಗಿಯುತ್ತದೆ. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಯಾಕೆ ಮುಗಿಯುವುದಿಲ್ಲ?

ಇದನ್ನು ಕೇಳಿದವರು ಒಬ್ಬ ತೋಟದ ಮಾಲೀಕರು. ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಕೊಯ್ಲಿನಲ್ಲಿ ನೀವು ಒಂದು ಸಾಲು ಹಿಡಿದರೆ ನಾನು ಪಕ್ಕದ ಸಾಲು ಹಿಡಿಯುತ್ತೇನೆ. ಒಬ್ಬರನ್ನೊಬ್ಬರು ಕೇಳಬೇಕಾಗಿಲ್ಲ. ಕೋಡಿನಲ್ಲಿ ಎಲ್ಲರೂ ಒಂದೇ ಗಿಡದ ರೆಂಬೆಗಳನ್ನು ಹಿಡಿದಿರುತ್ತಾರೆ. ನಾನು ಎಳೆದರೆ ನಿಮ್ಮದು ಅಲ್ಲಾಡುತ್ತದೆ. ಐದು ಜನ ಇದ್ದರೆ ಹತ್ತು ಜೋಡಿ ಮಾತುಕತೆ. ಹತ್ತು ಜನ ಆದರೆ 45 ಜೋಡಿ. ಹೊಸಬರಿಗೆ ಕಲಿಸುವುದು ಹಳಬರೇ, ಆ ಹೊತ್ತು ಅವರ ಕೆಲಸವೂ ನಿಲ್ಲುತ್ತದೆ. ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿದ ಫ್ರೆಡ್ ಬ್ರೂಕ್ಸ್ ಇದನ್ನು 1975ರಲ್ಲೇ ಬರೆದರು. ತಡವಾದ ಕೆಲಸಕ್ಕೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಅಂತ. ಮಾಲೀಕರು ಕೇಳಿ, "ಹಾಗಾದರೆ ಕೆಲಸವನ್ನೇ ಕಮ್ಮಿ ಮಾಡಿ, ಮುಖ್ಯವಾದ್ದನ್ನು ಮೊದಲು ಕೊಡಿ" ಅಂದರು. ಅದು ಸರಿಯಾದ ಉತ್ತರ.

ನೆಟ್‌ನಲ್ಲಿ ಸಿಕ್ಕಿದ ಕೋಡ್ ಹಾಕಿಕೊಳ್ಳಬಹುದಾ?

ಓದಿ ಅರ್ಥವಾದರೆ ಹಾಕಿಕೊಳ್ಳಿ. ಎಐ ಬರೆದುಕೊಟ್ಟದ್ದಕ್ಕೂ ಇದೇ ಮಾತು. ಬೇರೆಯವರ ಪ್ಯಾಕೇಜ್ (ಅವರು ಬರೆದು ಹಂಚಿದ ಸಿದ್ಧ ಕೋಡ್) ಬಳಸುವಾಗ ಒಂದು ಪ್ರತಿ ನಿಮ್ಮಲ್ಲೂ ಇರಲಿ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ 11 ಸಾಲಿನ ಕೋಡನ್ನು ಬರೆದವರು ಅದನ್ನು, ಎಲ್ಲರೂ ಪ್ಯಾಕೇಜ್ ಇಳಿಸಿಕೊಳ್ಳುವ ಜಾಗವಾದ ಎನ್‌ಪಿಎಂನಿಂದ ತೆಗೆದರು. ಪದದ ಎಡಗಡೆ ಜಾಗ ತುಂಬಿಸುವುದು, ಅಷ್ಟೇ ಅದರ ಕೆಲಸ. ಅದನ್ನೇ ನೆಚ್ಚಿದ್ದ ಜಗತ್ತಿನ ಎಷ್ಟೋ ಪ್ರಾಜೆಕ್ಟುಗಳು ಕೆಲವು ಗಂಟೆ ನಿಂತವು.

ಪಾಸ್‌ವರ್ಡನ್ನು ಕೋಡಿನಲ್ಲಿ ಬರೆದರೆ?

ಬೇಡವೇ ಬೇಡ. ಆಮೇಲೆ ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಉಳಿಯುತ್ತದೆ. ಈಗಾಗಲೇ ಬರೆದಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಾಯಿಸಿ.

ಇಂಗ್ಲಿಷಿನಲ್ಲಿ ಪರೀಕ್ಷೆ ಮಾಡಿದ್ದೇವೆ. ಕನ್ನಡದಲ್ಲಿ ಬೇರೆ ಮಾಡಬೇಕಾ?

ಮಾಡಲೇಬೇಕು. "ಮಡಿಕೇರಿ" ಅಂತ ಬರೆಯಿರಿ. ಕಣ್ಣಿಗೆ ನಾಲ್ಕು ಅಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ನಂಬರ್ ಕೊಡುವ ಯೂನಿಕೋಡಿಗೆ ಅದು ಏಳು, ಯಾಕೆಂದರೆ ಗುಣಿತದ ಚಿಹ್ನೆಗಳಿಗೆ ಬೇರೆ ಲೆಕ್ಕ. ಅದನ್ನು ಕಂಪ್ಯೂಟರಿನಲ್ಲಿ ಉಳಿಸುವ ಯುಟಿಎಫ್-8 ಅನ್ನುವ ರೀತಿಯಲ್ಲಿ ಪ್ರತಿಯೊಂದಕ್ಕೂ ಮೂರು ಬೈಟ್, ಒಟ್ಟು 21. ಊರಿನ ಹೆಸರಿಗೆ 20 ಬೈಟ್ ಸಾಕು ಅಂತ ಯಾರೋ ಜಾಗ ಇಟ್ಟಿದ್ದರೆ ನಿಮ್ಮ ಊರು "ಮಡಿಕೇರ" ಆಗುತ್ತದೆ, ಪಕ್ಕದಲ್ಲಿ ಒಂದು ಚೌಕ ಪೆಟ್ಟಿಗೆ ಬರುತ್ತದೆ. ಪೊನ್ನಂಪೇಟೆಗೆ 30 ಬೈಟ್ ಬೇಕು.

ದೊಡ್ಡವರೂ ಇಲ್ಲಿ ಎಡವಿದ್ದಾರೆ. 2018ರ ಫೆಬ್ರವರಿಯಲ್ಲಿ ತೆಲುಗಿನ "ಜ್ಞಾ" ಅಕ್ಷರ ಮೆಸೇಜಿನಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಬಿದ್ದುಹೋಗುತ್ತಿದ್ದವು. ಆಪಲ್ ಬೇಗ ಸರಿಮಾಡಿತು. ಆದರೆ ನಮ್ಮ ಭಾಷೆಗಳನ್ನು ನಾವೇ ಹಾಕಿ ನೋಡದಿದ್ದರೆ ಬೇರೆ ಯಾರು ನೋಡುತ್ತಾರೆ?

ಸೀನಿಯರ್ "ಟೆಸ್ಟ್ ಬರೆಯಲು ಟೈಮಿಲ್ಲ" ಅನ್ನುತ್ತಾರೆ. ಏನು ಹೇಳಲಿ?

ಜಗಳ ಬೇಡ. "ಸರ್, ದುಡ್ಡು ಲೆಕ್ಕ ಹಾಕುವ ಭಾಗಕ್ಕೆ ಮಾತ್ರ ಬರೆಯುತ್ತೇನೆ, ಅರ್ಧ ದಿನ ಕೊಡಿ" ಅಂತ ಕೇಳಿ. ನಾನು ಕಂಡಂತೆ ಹೆಚ್ಚಿನವರು ಒಪ್ಪುತ್ತಾರೆ. ದುಂಡು ಸಂಖ್ಯೆ ಬೇಡ, 61.5 ಹಾಕಿ. ಸೊನ್ನೆ ಹಾಕಿ. ಖಾಲಿ ಬಿಟ್ಟು ನೋಡಿ.

ಕೈಗೆ ಬಂದ ಹಳೆಯ ಕೋಡ್ ತುಂಬಾ ಕೆಟ್ಟದಾಗಿದೆ. ಎಲ್ಲ ಬಿಸಾಡಿ ಹೊಸದಾಗಿ ಬರೆಯಲಾ?

ತೋಟ ಹಳೆಯದಾಯಿತು ಅಂತ ಯಾರೂ ಒಂದೇ ದಿನ ಎಲ್ಲ ಗಿಡ ಕೀಳುವುದಿಲ್ಲ. ಹೊಸ ಗಿಡ ಫಸಲು ಕೊಡಲು ಮೂರು ನಾಲ್ಕು ವರ್ಷ ಬೇಕು, ಅಲ್ಲಿವರೆಗೆ ಊಟಕ್ಕೆ ಏನು? ಸತ್ತ ಗಿಡದ ಜಾಗಕ್ಕೆ ಹೊಸದು ನೆಡುತ್ತಾರೆ. ಕೆಲವನ್ನು ಬುಡದ ಹತ್ತಿರ ಕಡಿದು ಚಿಗುರು ಬಿಡಿಸುತ್ತಾರೆ. ಕೋಡನ್ನೂ ಹಾಗೇ ಒಂದೊಂದು ಭಾಗ ಬದಲಾಯಿಸಿ. ಹಳೆಯ ಕೋಡಿನ ಒಳಗೆ ಆ ಖಾಲಿ ಸಾಲಿನಂಥ ಎಷ್ಟೋ ವಿಷಯ ಅಡಗಿರುತ್ತವೆ. ಎಲ್ಲ ಬಿಸಾಡಿದರೆ ಅವನ್ನೆಲ್ಲ ಮತ್ತೆ ಒಂದೊಂದಾಗಿ ಕಲಿಯಬೇಕು.

ನಾವು ಮೊದಲು ಬದಲಾಯಿಸಿದ್ದು ತೂಕದ ಭಾಗ. ಮುಂದಿನ ಕೊಯ್ಲಿನ ಹೊತ್ತಿಗೆ ಪ್ರತಿಯೊಬ್ಬರಿಗೂ ಅವರವರ ತೂಕದ ಚೀಟಿ ಪ್ರಿಂಟ್ ಆಗಿ ಬರುವಂತೆ ಮಾಡಿದೆವು, ದಶಾಂಶ ಸಮೇತ, ಕನ್ನಡದಲ್ಲಿ. ಮೊದಲ ಸಂಜೆ ಆ ಅಕ್ಕನ ಚೀಟಿಯಲ್ಲಿ 63.5 ಬಂತು. ಅವರು ತಕ್ಕಡಿ ನೋಡಿದರು, ಚೀಟಿ ನೋಡಿದರು. ಆಮೇಲೆ ನೋಟ್‌ಬುಕ್ ತೆಗೆದು ಅದರಲ್ಲೂ 63.5 ಅಂತ ಬರೆದುಕೊಂಡರು.